ವಿದ್ಯಾರ್ಥಿನಿಲಯದಲ್ಲಿ ಅಂತರಜಾಲ: ಮಹಾದ್ವಾರದಿಂದ ಕೊಠಡಿಯವರೆಗೆ

ಪುಣೆ ನಗರದ ಗಣೇಶಖಿಂಡ್ ಪ್ರದೇಶದಲ್ಲಿ, ಬ್ರಿಟಿಷ್ ಆಡಳಿತಕಾಲದಲ್ಲಿ ಮುಂಬಯಿ ಪ್ರಾಂತದ ಗವರ್ನರರ ಮಳೆಗಾಲದ ನಿವಾಸವಾಗಿದ್ದ ಭವನವೊಂದಿದೆ. 1949ರಲ್ಲಿ ಸ್ಥಾಪಿತವಾದ ಪುಣೆ ವಿಶ್ವವಿದ್ಯಾಲಯಕ್ಕೆ ಆ ಭವನವೂ ಅದನ್ನು ಸುತ್ತುವರಿದ ನಾಲ್ಕು ನೂರು ಎಕರೆಗೂ ಮಿಕ್ಕ ಆವರಣವೂ ದೊರೆತವು. 2014ರಿಂದ ಈ ಸಂಸ್ಥೆಯು ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯವೆಂಬ ಹೆಸರನ್ನು ಹೊಂದಿದೆ. ಇದೇ ಆವರಣದಲ್ಲಿ 1988ರಲ್ಲಿ ಖಗೋಳವಿಜ್ಞಾನ ಹಾಗೂ ಖಗೋಳಭೌತವಿಜ್ಞಾನದ ಅಂತರ-ವಿಶ್ವವಿದ್ಯಾಲಯ ಕೇಂದ್ರವು, ಅಂದರೆ 'ಆಯುಕಾ' ಎಂದು ಪ್ರಸಿದ್ಧವಾದ ಸಂಸ್ಥೆಯು, ಡಾ. ಜಯಂತ ನಾರಳೀಕರ್ ಅವರ ನೇತೃತ್ವದಲ್ಲಿ ಆರಂಭಗೊಂಡಿತು. ಅದೇ ವರ್ಷ ಸ್ಥಾಪಿತವಾಗಿ 1991ರಲ್ಲಿ 'ಪರಮ್ 8000' ಎಂಬ ಮಹಾಗಣಕವನ್ನು ನಿರ್ಮಿಸಿದ ಸಿ-ಡ್ಯಾಕ್ ಸಂಸ್ಥೆಯೂ ಇಲ್ಲಿಯೇ ಬೆಳೆಯಿತು. ದೇಶದಲ್ಲಿ ಗಣಕಜಾಲದ ಪ್ರಯೋಜನವನ್ನು ಮೊದಮೊದಲು ಕಂಡ ಶೈಕ್ಷಣಿಕ ಆವರಣಗಳಲ್ಲಿ ಇದೂ ಒಂದೆಂದರೆ ತಪ್ಪಾಗಲಾರದು.

ಆದರೆ ಇಂತಹ ಆವರಣಗಳಲ್ಲೆಲ್ಲ ಜಾಲವು ಹರಡಿದ ಕ್ರಮವನ್ನು ಗಮನಿಸುವುದು ಅವಶ್ಯಕ. ಅದು ಮೊದಲು ತಲುಪಿದ್ದು ಪ್ರಯೋಗಾಲಯಗಳನ್ನು. ಅನಂತರ ಆಡಳಿತ ಕಚೇರಿಯನ್ನು ಮತ್ತು ಗ್ರಂಥಾಲಯವನ್ನು. ಎಲ್ಲಕ್ಕಿಂತ ಕೊನೆಯಲ್ಲಿ, ವಿದ್ಯಾರ್ಥಿಯು ರಾತ್ರಿ ಕುಳಿತು ಓದುವ ವಿದ್ಯಾರ್ಥಿನಿಲಯದ ಕೊಠಡಿಯನ್ನು. ಮಹಾದ್ವಾರದವರೆಗೆ ಜಾಲವನ್ನು ತರುವ ಕಾರ್ಯವನ್ನು ಕೇಂದ್ರ ಸರ್ಕಾರದ ಯೋಜನೆಗಳು ಬಹುಮಟ್ಟಿಗೆ ನೆರವೇರಿಸಿವೆ. ಮಹಾದ್ವಾರದಿಂದ ಕೊಠಡಿಯವರೆಗಿನ ಕೆಲವು ನೂರು ಮೀಟರುಗಳ ಅಂತರವು ಆಯಾ ಸಂಸ್ಥೆಯ ಹೊಣೆಗೆ ಬಿಟ್ಟದ್ದು. ವಿದ್ಯಾರ್ಥಿಯ ಪಾಲಿಗೆ ಜಾಲವಿದೆಯೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಈ ಅಂತರದಲ್ಲಿಯೇ.

ಕನ್ನಡಿಗರಿಗೆ ಪುಣೆ ಅಪರಿಚಿತ ನಗರವಲ್ಲ. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಉನ್ನತ ಶಿಕ್ಷಣಕ್ಕಾಗಿ ಅಲ್ಲಿಗೆ ತೆರಳುವುದು ವಾಡಿಕೆಯಾಗಿತ್ತು, ವರಕವಿ ದ. ರಾ. ಬೇಂದ್ರೆಯವರು 1918ರಲ್ಲಿ ಬಿ.ಎ. ಪದವಿ ಪಡೆದದ್ದು ಅಲ್ಲಿನ ಫರ್ಗ್ಯೂಸನ್ ಕಾಲೇಜಿನಿಂದ. ಅಂದಿನ ವಿದ್ಯಾರ್ಥಿಗೆ ಊರಿನೊಡನೆ ಇದ್ದ ಸಂಪರ್ಕವೆಂದರೆ ಅಂಚೆ ಮತ್ತು ಮನಿಯಾರ್ಡರು. ಇಂದು ಉತ್ತರ ಕರ್ನಾಟಕದ ಹಳ್ಳಿಯಿಂದ ಹೊರಟು ಪುಣೆಯ ವಿದ್ಯಾರ್ಥಿನಿಲಯವನ್ನು ಸೇರುವ ಯುವಕ ಯುವತಿಯರಿಗೆ ಪ್ರವೇಶದ ಅರ್ಜಿ, ಪರೀಕ್ಷೆಯ ಅರ್ಜಿ, ಪ್ರವೇಶಪತ್ರ, ಫಲಿತಾಂಶ ಇವೆಲ್ಲವೂ ಜಾಲದ ಮೂಲಕವೇ ಬರುತ್ತವೆ. ಕೇಂದ್ರದ ರಾಷ್ಟ್ರೀಯ ವಿದ್ಯಾರ್ಥಿವೇತನ ತಾಣದಲ್ಲಾಗಲಿ ಮಹಾರಾಷ್ಟ್ರದ 'ಮಹಾಡಿಬಿಟಿ' ತಾಣದಲ್ಲಾಗಲಿ ಅರ್ಜಿ ಸಲ್ಲಿಸಲು ಕೊನೆಯ ದಿನಾಂಕವೊಂದಿರುತ್ತದೆ. ಆ ದಿನ ರಾತ್ರಿ ಕೊಠಡಿಯಲ್ಲಿ ಜಾಲವು ಕೈಕೊಟ್ಟರೆ ಕಳೆದುಹೋಗುವುದು ಮನರಂಜನೆಯ ಒಂದು ಗಂಟೆಯಲ್ಲ, ಒಂದು ವರ್ಷದ ವಿದ್ಯಾರ್ಥಿವೇತನ.

ಪದದ ಬಗ್ಗೆ ಒಂದು ಮಾತನ್ನು ಇಲ್ಲಿಯೇ ಹೇಳುವುದು ಉಚಿತ. 'ಅಂತರ್ಜಾಲ' ಎಂಬ ರೂಪವು ಬಳಕೆಯಲ್ಲಿ ಹೆಚ್ಚಾಗಿ ಕಂಡುಬಂದರೂ 'ಅಂತರ್' ಎಂದರೆ ಒಳಗಿನ ಎಂಬ ಅರ್ಥ ಬರುವುದರಿಂದ, ಹಲವು ಜಾಲಗಳ ನಡುವಿನ ಜಾಲವನ್ನು ಸೂಚಿಸಲು 'ಅಂತರಜಾಲ' ಎಂಬುದೇ ಹೆಚ್ಚು ಸಮಂಜಸ. ಈ ಲೇಖನದಲ್ಲಿ ಅದನ್ನೇ ಬಳಸಲಾಗಿದೆ. ಆವರಣದೊಳಗಿನ ಸ್ವಂತ ಜಾಲಕ್ಕೂ ಹೊರಗಿನ ವಿಶ್ವವ್ಯಾಪಿ ಜಾಲಕ್ಕೂ ಇರುವ ವ್ಯತ್ಯಾಸವು ನಮ್ಮ ವಿಷಯದ ತಿರುಳೇ ಆಗಿರುವುದರಿಂದ ಈ ವ್ಯಾಕರಣದ ಸೂಕ್ಷ್ಮವು ತೀರ ನಿರುಪಯುಕ್ತವೇನಲ್ಲ.

ಜಾಲವು ವಿಶ್ವವಿದ್ಯಾಲಯಗಳಿಗೆ ಬಂದ ಬಗೆ

ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನೊಂದಿಗೆ 1986ರಲ್ಲಿ ಶಿಕ್ಷಣ ಮತ್ತು ಸಂಶೋಧನಾ ಜಾಲವನ್ನು, ಅಂದರೆ 'ಎರ್ನೆಟ್' ಯೋಜನೆಯನ್ನು ಕೈಗೆತ್ತಿಕೊಂಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ದೆಹಲಿ, ಮುಂಬಯಿ, ಕಾನ್ಪುರ, ಖರಗ್‌ಪುರ ಮತ್ತು ಮದ್ರಾಸಿನ ಐಐಟಿಗಳು, ಮುಂಬಯಿಯ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರ ಹಾಗೂ ಸ್ವತಃ ಇಲಾಖೆ ಇದರ ಮೊದಲ ಪಾಲುದಾರರಾಗಿದ್ದವು. ಆರಂಭದಲ್ಲಿ ದೂರವಾಣಿ ತಂತಿಯ ಮೂಲಕ ವಿದ್ಯುನ್ಮಾನ ಅಂಚೆಯನ್ನು ರವಾನಿಸುವುದಷ್ಟೇ ಸಾಧ್ಯವಿತ್ತು. ತೊಂಬತ್ತರ ದಶಕದಲ್ಲಿ ಪುಣೆಯ ಆಯುಕಾ ಸಂಸ್ಥೆಯು ಈ ಜಾಲದ ಒಂದು ಕೇಂದ್ರಬಿಂದುವಾಯಿತು.

ಪುಣೆಯ ಇನ್ನೊಂದು ಕೊಡುಗೆಯನ್ನು ಅನೇಕರು ಮರೆತಿದ್ದಾರೆ. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಒಂದು ಜಾಲದಲ್ಲಿ ಬೆಸೆಯುವ ಉದ್ದೇಶದ 'ಇನ್‌ಫ್ಲಿಬ್‌ನೆಟ್' ಕಾರ್ಯಕ್ರಮವನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 1991ರಲ್ಲಿ ಆರಂಭಿಸಿದಾಗ ಅದು ಆಯುಕಾದ ಆಶ್ರಯದಲ್ಲಿದ್ದ ಒಂದು ಯೋಜನೆಯಾಗಿತ್ತು. 1996ರಲ್ಲಿ ಅದು ಸ್ವತಂತ್ರ ಕೇಂದ್ರವಾಯಿತು. ಈಗ ಗುಜರಾತಿನ ಗಾಂಧಿನಗರದಲ್ಲಿದೆ. ದೇಶದ ವಿಶ್ವವಿದ್ಯಾಲಯಗಳಲ್ಲಿ ಸಿದ್ಧವಾಗುವ ಪಿಎಚ್.ಡಿ. ಪ್ರಬಂಧಗಳನ್ನು ಎಲ್ಲರ ಓದಿಗೂ ತೆರೆದಿಡುವ 'ಶೋಧಗಂಗಾ' ಭಂಡಾರವನ್ನು ನಿರ್ವಹಿಸುತ್ತಿರುವುದು ಇದೇ ಕೇಂದ್ರ.

ಜನಸಾಮಾನ್ಯರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ವಿದೇಶ ಸಂಚಾರ ನಿಗಮವು ಮುಂಬಯಿ, ದೆಹಲಿ, ಕಲ್ಕತ್ತ ಮತ್ತು ಮದ್ರಾಸುಗಳಲ್ಲಿ ಆರಂಭಿಸಿದ ಈ ಸೇವೆ ಅನಂತರ ಬೆಂಗಳೂರು, ಪುಣೆ ಮೊದಲಾದ ನಗರಗಳಿಗೂ ವಿಸ್ತರಿಸಿತು. ವಿದ್ಯಾರ್ಥಿಗಳಿಗಾಗಿ ಕಡಿಮೆ ಶುಲ್ಕದ ಖಾತೆಗಳಿದ್ದವು. ಅವುಗಳಲ್ಲಿ ಅಕ್ಷರಗಳು ಮಾತ್ರ ಮೂಡುತ್ತಿದ್ದವು, ಚಿತ್ರಗಳಿಗೆ ಅವಕಾಶವಿರಲಿಲ್ಲ. ಆದರೆ ಖಾತೆ ಅಗ್ಗವಾದ ಮಾತ್ರಕ್ಕೆ ಫಲವೇನು? ಅದಕ್ಕೆ ದೂರವಾಣಿ ಸಂಪರ್ಕ ಬೇಕು, ಮೋಡೆಮ್ ಬೇಕು, ಗಣಕಯಂತ್ರ ಬೇಕು. ಕಚೇರಿಯಲ್ಲೊಂದು ದೂರವಾಣಿ ಇದ್ದರೆ ಅದೇ ಹೆಚ್ಚೆನ್ನುವಂತಿದ್ದ ವಿದ್ಯಾರ್ಥಿನಿಲಯಗಳಲ್ಲಿ ಇದು ಆಗದ ಮಾತಾಗಿತ್ತು. ಖಾಸಗಿ ಸೇವಾಸಂಸ್ಥೆಗಳಿಗೆ 1998ರಲ್ಲಿ ಅನುಮತಿ ದೊರೆತ ಮೇಲೆ ಬೀದಿಬೀದಿಗಳಲ್ಲಿ ತೆರೆದ ಸೈಬರ್ ಕೆಫೆಗಳೇ ಬಹುಕಾಲ ವಿದ್ಯಾರ್ಥಿಗಳಿಗೆ ಆಸರೆಯಾದವು.

ಈ ಶತಮಾನದ ಯೋಜನೆಗಳ ಪ್ರಮಾಣವೇ ಬೇರೆ. ಧನಸಹಾಯ ಆಯೋಗವು 2002ರ ಡಿಸೆಂಬರಿನಲ್ಲಿ 'ಯುಜಿಸಿ-ಇನ್ಫೋನೆಟ್' ಕಾರ್ಯಕ್ರಮಕ್ಕೆ ಚಾಲನೆ ನೀಡಿತು. 2009ರ ಫೆಬ್ರವರಿಯಲ್ಲಿ ಆರಂಭವಾದ ಮಾಹಿತಿ ಮತ್ತು ಸಂಪರ್ಕ ತಂತ್ರಜ್ಞಾನದ ಮೂಲಕ ಶಿಕ್ಷಣದ ರಾಷ್ಟ್ರೀಯ ಮಿಷನ್ ಪ್ರತಿ ವಿಶ್ವವಿದ್ಯಾಲಯಕ್ಕೆ ಸೆಕೆಂಡಿಗೆ 1 ಗಿಗಾಬಿಟ್ ಸಾಮರ್ಥ್ಯದ ಸಂಪರ್ಕವನ್ನು ಒದಗಿಸುವ ಗುರಿ ಹೊಂದಿತ್ತು, ವೆಚ್ಚದ ಶೇ. 75 ಭಾಗವನ್ನು ಕೇಂದ್ರವು ಭರಿಸುವ ವ್ಯವಸ್ಥೆಯಿತ್ತು. 2010ರ ಮಾರ್ಚಿನಲ್ಲಿ 5,990 ಕೋಟಿ ರೂಪಾಯಿಗಳ ವೆಚ್ಚದಲ್ಲಿ ಸುಮಾರು 1,500 ಸಂಸ್ಥೆಗಳನ್ನು ಜೋಡಿಸುವ ರಾಷ್ಟ್ರೀಯ ಜ್ಞಾನ ಜಾಲಕ್ಕೆ ಮಂಜೂರಾತಿ ದೊರೆಯಿತು. ಕೆಲವು ವಿಶ್ವವಿದ್ಯಾಲಯಗಳಲ್ಲಿ ಆವರಣದೊಳಗಿನ ತಂತಿಜಾಲಕ್ಕೂ ನೆರವು ಸಿಕ್ಕಿತು. ಆದರೂ ಈ ಯೋಜನೆಗಳ ಲೆಕ್ಕದಲ್ಲಿ 'ಸಂಪರ್ಕಗೊಂಡ ಸಂಸ್ಥೆ' ಎಂದರೆ ನಾರುತಂತಿಯು ಆವರಣದ ಗಣಕಕೇಂದ್ರವನ್ನು ತಲುಪಿದೆ ಎಂದಷ್ಟೇ ಅರ್ಥ. ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತಿನ, ಅಂದರೆ ನ್ಯಾಕ್‌ನ, 2017ರ ಪರಿಷ್ಕೃತ ಚೌಕಟ್ಟಿನಲ್ಲಿಯೂ ಕೇಳಲಾಗಿದ್ದದ್ದು ಸಂಸ್ಥೆಗೆ ದೊರೆಯುವ ಒಟ್ಟು ಸಾಮರ್ಥ್ಯವೆಷ್ಟು ಎಂಬುದನ್ನು. ಆ ಸಂಖ್ಯೆ ಮಹಾದ್ವಾರದ ಸಂಖ್ಯೆ, ಕೊಠಡಿಯ ಸಂಖ್ಯೆಯಲ್ಲ.

ಮಹಾದ್ವಾರದ ಒಳಗೆ

ಜಾಲದ ಸಾಮರ್ಥ್ಯವನ್ನು ಊರಿಗೆ ನೀರು ಹಾಯಿಸುವ ಕೊಳವೆಗೆ ಹೋಲಿಸಬಹುದು. ಕೆರೆಯಿಂದ ಊರ ಬಾಗಿಲಿನವರೆಗೆ ಎಷ್ಟೇ ದೊಡ್ಡ ಕೊಳವೆಯನ್ನು ಹೂಡಿದರೂ ಓಣಿಗೆ ತಿರುಗುವ ಕೊಳವೆ ಕಿರಿದಾಗಿದ್ದರೆ ಮನೆಯ ನಲ್ಲಿಯಲ್ಲಿ ಬರುವುದು ಹನಿ ನೀರೇ. ಆವರಣದ ಗಣಕಕೇಂದ್ರದಲ್ಲಿ ಹೊರಗಿನ ನಾರುತಂತಿಯು ಮೊದಲು ಕಾವಲುಗೋಡೆ ಎನ್ನಬಹುದಾದ ರಕ್ಷಣಾ ಸಾಧನದ ಮೂಲಕ ಹಾಯುತ್ತದೆ. ಅಲ್ಲಿಂದ ಮುಖ್ಯ ಸ್ವಿಚ್ಚಿಗೆ, ಮುಖ್ಯ ಸ್ವಿಚ್ಚಿನಿಂದ ಪ್ರತಿ ಕಟ್ಟಡದ ಸ್ವಿಚ್ಚಿಗೆ, ಅಲ್ಲಿಂದ ಮೊಗಸಾಲೆಯ ಗೋಡೆಗೆ ಅಳವಡಿಸಿದ ವೈ-ಫೈ ಪ್ರಸಾರಕಗಳಿಗೆ, ಕಟ್ಟಕಡೆಗೆ ವಿದ್ಯಾರ್ಥಿಯ ಕೈಯಲ್ಲಿರುವ ಸಾಧನಕ್ಕೆ ಅದು ತಲುಪಬೇಕು. ಇವುಗಳಲ್ಲಿ ಯಾವ ಕೊಂಡಿ ದುರ್ಬಲವೋ ಅದರ ಬಲವೇ ಇಡೀ ಸರಪಳಿಯ ಬಲ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಮುನ್ನೂರು ಜನ ವಾಸಿಸುವ ಕಟ್ಟಡವೊಂದಕ್ಕೆ ಸೆಕೆಂಡಿಗೆ 100 ಮೆಗಾಬಿಟ್ ಸಾಮರ್ಥ್ಯವನ್ನು ಹಂಚಲಾಗಿದೆ ಎಂದು ಭಾವಿಸಿದರೆ, ಬೆಳಿಗ್ಗೆ ಆರು ಗಂಟೆಗೆ ಹತ್ತು ಜನ ಎದ್ದು ಕುಳಿತಾಗ ಒಬ್ಬೊಬ್ಬರಿಗೂ 10 ಮೆಗಾಬಿಟ್ ಸಿಗುತ್ತದೆ; ಇದು ಧಾರಾಳ. ಆದರೆ ರಾತ್ರಿ ಊಟದ ನಂತರ ಇನ್ನೂರು ಜನ ಏಕಕಾಲಕ್ಕೆ ಜಾಲವನ್ನು ಬಳಸತೊಡಗಿದರೆ ಒಬ್ಬರ ಪಾಲಿಗೆ ಅರ್ಧ ಮೆಗಾಬಿಟ್ ಮಾತ್ರ. ಸಾಧಾರಣ ಸ್ಪಷ್ಟತೆಯ ಪಾಠದ ವೀಡಿಯೊ ತಡೆಯಿಲ್ಲದೆ ಸಾಗಲು ಇದರ ಎರಡು ಮೂರು ಪಟ್ಟು ಬೇಕಾಗುತ್ತದೆ. ಹಗಲು ಹೊತ್ತಿನಲ್ಲಿ ಬಂದು ಪರೀಕ್ಷಿಸುವ ಅಧಿಕಾರಿಗೆ ಎಲ್ಲವೂ ಸರಿಯಾಗಿದೆಯೆಂದೂ ರಾತ್ರಿ ಓದುವ ವಿದ್ಯಾರ್ಥಿಗೆ ಏನೂ ಸರಿಯಿಲ್ಲವೆಂದೂ ತೋರುವುದಕ್ಕೆ ಇದೇ ಕಾರಣ. ಇಬ್ಬರ ಮಾತೂ ನಿಜ.

ಎರಡನೆಯ ತೊಡಕು ಕಟ್ಟಡಗಳದ್ದು. ಪುಣೆಯ ಹಳೆಯ ಕಾಲೇಜುಗಳ ಕಟ್ಟಡಗಳಲ್ಲಿ ದಖ್ಖನ್ ಪ್ರಸ್ಥಭೂಮಿಯ ಕಪ್ಪು ಕಲ್ಲಿನ ದಪ್ಪ ಗೋಡೆಗಳನ್ನು ಕಾಣಬಹುದು. ಬೇಸಗೆಯಲ್ಲಿ ತಂಪು ನೀಡುವ ಇಂತಹ ಗೋಡೆಗಳು ರೇಡಿಯೊ ತರಂಗಗಳಿಗೆ ಪರಮ ವೈರಿಗಳು. ವೈ-ಫೈ ಸಾಮಾನ್ಯವಾಗಿ ಬಳಸುವ ಎರಡು ತರಂಗಪಟ್ಟಿಗಳಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯು ಗೋಡೆಗಳನ್ನು ಕೊಂಚ ಮಟ್ಟಿಗೆ ದಾಟಬಲ್ಲದು. ಆದರೆ ಅದರಲ್ಲಿ ಒಂದರ ಮೇಲೊಂದು ಬೀಳದ ಮಾರ್ಗಗಳಿರುವುದು ಮೂರೇ. ಹತ್ತಾರು ಪ್ರಸಾರಕಗಳೂ ವಿದ್ಯಾರ್ಥಿಗಳು ತಮ್ಮ ಫೋನುಗಳಲ್ಲಿ ತೆರೆದುಕೊಂಡ ಹಾಟ್‌ಸ್ಪಾಟುಗಳೂ ಅದೇ ಮೂರು ಮಾರ್ಗಗಳಿಗಾಗಿ ನುಗ್ಗಾಡಿದರೆ ಸಂತೆಯ ಗದ್ದಲವಾಗುತ್ತದೆ. ಒಂದು ಮಾರ್ಗದಲ್ಲಿ ಒಂದು ಕ್ಷಣಕ್ಕೆ ಒಬ್ಬರು ಮಾತ್ರ ಮಾತನಾಡಬಹುದು, ಉಳಿದವರು ಕಾಯಬೇಕು ಎಂಬುದು ವೈ-ಫೈ ವ್ಯವಸ್ಥೆಯ ಮೂಲನಿಯಮ. 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಮಾರ್ಗಗಳು ಹೆಚ್ಚು, ವೇಗವೂ ಹೆಚ್ಚು. ಆದರೆ ಅದು ಗೋಡೆಗೆ ಬೇಗ ಸೋಲುತ್ತದೆ. ಮೊಗಸಾಲೆಯ ತುದಿಯಲ್ಲೊಂದು ಪ್ರಸಾರಕವನ್ನು ತೂಗುಹಾಕಿ ಇಡೀ ಅಂತಸ್ತಿಗೆ ಜಾಲ ಒದಗಿಸಲಾಗಿದೆ ಎನ್ನುವುದು ಕಾಗದದ ಮೇಲಿನ ಸಾಧನೆಯಾಗಬಹುದಷ್ಟೆ. ಕೆಲವೇ ಕೊಠಡಿಗಳಿಗೊಂದರಂತೆ ಪ್ರಸಾರಕಗಳನ್ನು ಇಟ್ಟು ಅವುಗಳ ಶಕ್ತಿಯನ್ನು ತಗ್ಗಿಸಿದಾಗಲೇ ಎಲ್ಲರಿಗೂ ಸಮನಾದ ಸೇವೆ ದೊರೆಯುತ್ತದೆ.

ತಂತಿಯ ಸಂಪರ್ಕಕ್ಕೆ ಈ ಬಾಧೆಗಳಿಲ್ಲ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಒಂದು ಕಾಲಕ್ಕೆ 'ದಿಂಬಿಗೊಂದು ಸಂಪರ್ಕದ್ವಾರ' ಎಂಬುದು ವಿದ್ಯಾರ್ಥಿನಿಲಯಗಳ ಜಾಲ ಯೋಜನೆಯ ಘೋಷವಾಕ್ಯವೇ ಆಗಿತ್ತು. ಎಷ್ಟು ಹಾಸಿಗೆಗಳೋ ಅಷ್ಟು ತಂತಿಯ ದ್ವಾರಗಳು. ಫೋನು ಮತ್ತು ಟ್ಯಾಬ್ಲೆಟ್ಟುಗಳಿಗೆ ತಂತಿ ಸಿಕ್ಕಿಸಲು ಬಾರದ ಕಾರಣ ಇಂದು ಆ ಮಾತು ಹಳತಾಗಿದೆಯಾದರೂ ಲೆಕ್ಕ ಹಾಕುವ ಆ ಕ್ರಮವು ಇಂದಿಗೂ ಗ್ರಾಹ್ಯ: ಕಟ್ಟಡಕ್ಕೆ ಎಷ್ಟು ಎನ್ನುವುದರ ಬದಲು ತಲೆಗೆ ಎಷ್ಟು ಎಂದು ಕೇಳುವುದು.

ಇನ್ನೊಂದು ಸಣ್ಣ ಸಂಗತಿ. ವಿದ್ಯುತ್ತು ಹೋದಾಗ ವಿದ್ಯಾರ್ಥಿಯ ಲ್ಯಾಪ್‌ಟಾಪು ತನ್ನ ಬ್ಯಾಟರಿಯ ಬಲದಿಂದ ಎರಡು ಮೂರು ಗಂಟೆ ನಡೆಯುತ್ತದೆ. ಆದರೆ ಮೆಟ್ಟಿಲಿನ ಕೆಳಗಿನ ಪೆಟ್ಟಿಗೆಯಲ್ಲಿರುವ ಸ್ವಿಚ್ಚಿಗೆ ಬ್ಯಾಟರಿ ಇಲ್ಲದಿದ್ದರೆ ಇಡೀ ಕಟ್ಟಡದ ಜಾಲ ಒಮ್ಮೆಲೇ ಆರುತ್ತದೆ. ಕೋಟಿಗಟ್ಟಲೆ ರೂಪಾಯಿಗಳ ಯೋಜನೆಯು ಕೆಲವು ಸಾವಿರ ರೂಪಾಯಿಗಳ ಯುಪಿಎಸ್ ಇಲ್ಲದೆ ನಿಂತುಹೋಗುವ ಸಂದರ್ಭಗಳು ಅಪರೂಪವಲ್ಲ.

ಮೊಬೈಲ್ ಇದ್ದರೆ ಸಾಲದೇ?

2016ರ ನಂತರ ಮೊಬೈಲ್ ಅಂತರಜಾಲದ ದರಗಳು ಗಣನೀಯವಾಗಿ ಇಳಿದವು. ಹೀಗಿರುವಾಗ ವಿದ್ಯಾರ್ಥಿನಿಲಯದಲ್ಲಿ ಪ್ರತ್ಯೇಕ ಜಾಲವೇಕೆ ಎಂಬ ಪ್ರಶ್ನೆ ಸಹಜವಾದದ್ದು. ಇದಕ್ಕೆ ಮೂರು ಉತ್ತರಗಳಿದ್ದು, ಅವುಗಳಲ್ಲಿ ಎರಡು ಎಲ್ಲರಿಗೂ ತಿಳಿದವೇ ಆಗಿವೆ. ಒಂದು, ಸಾಮಾನ್ಯ ಮೊಬೈಲ್ ಯೋಜನೆಗಳಲ್ಲಿ ದಿನಕ್ಕೆ ಇಂತಿಷ್ಟೆಂಬ ಮಿತಿಯಿರುತ್ತದೆ. ಸಾಧಾರಣ ಸ್ಪಷ್ಟತೆಯ ಒಂದು ಗಂಟೆಯ ಪಾಠಕ್ಕೆ ಸುಮಾರು ಅರ್ಧ ಗಿಗಾಬೈಟ್ ಖರ್ಚಾಗುವುದರಿಂದ ಮೂರು ನಾಲ್ಕು ಪಾಠಗಳಿಗೆ ಆ ದಿನದ ಮಿತಿ ಮುಗಿಯುತ್ತದೆ. ಎರಡು, ಮೇಲೆ ಹೇಳಿದ ಕಲ್ಲುಗೋಡೆಗಳು ಮೊಬೈಲ್ ಗೋಪುರದ ತರಂಗಗಳನ್ನೂ ತಡೆಯುತ್ತವೆ.

ಮೂರನೆಯದು ಅಷ್ಟಾಗಿ ಗಮನಕ್ಕೆ ಬಾರದಿದ್ದರೂ ಸಂಶೋಧನಾ ವಿದ್ಯಾರ್ಥಿಗಳ ಮಟ್ಟಿಗೆ ಅತ್ಯಂತ ಮಹತ್ವದ್ದು. ವಿಶ್ವವಿದ್ಯಾಲಯಗಳು ಚಂದಾ ನೀಡಿ ತರಿಸುವ ವಿದ್ಯುನ್ಮಾನ ಸಂಶೋಧನ ಪತ್ರಿಕೆಗಳು ಓದುಗನನ್ನು ಗುರುತಿಸುವುದು ಬಹುತೇಕ ಅವನ ಹೆಸರಿನಿಂದಲ್ಲ, ಅವನು ಬರುತ್ತಿರುವ ಜಾಲದ ವಿಳಾಸದಿಂದ. ಆವರಣದ ಜಾಲದ ಮೂಲಕ ಬಂದವನಿಗೆ ಬಾಗಿಲು ತೆರೆಯುತ್ತದೆ. ಮೊಬೈಲ್ ಮೂಲಕ ಬಂದವನು, ಅದೇ ಆವರಣದ ಕೊಠಡಿಯಲ್ಲಿಯೇ ಕುಳಿತಿದ್ದರೂ, ಪರಕೀಯನಾಗಿ ಹೊರಗೆ ನಿಲ್ಲಬೇಕಾಗುತ್ತದೆ. 2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟವು ಅನುಮೋದಿಸಿದ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಯು 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಗಳನ್ನು ನಿಗದಿಪಡಿಸಿದೆ. 30 ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು 6,300ಕ್ಕೂ ಹೆಚ್ಚು ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ ತಲುಪಿಸುವುದು ಅದರ ಉದ್ದೇಶ. ಇದರ ಸಮನ್ವಯದ ಹೊಣೆಯನ್ನು ಹೊತ್ತಿರುವುದು, ಆಯುಕಾದ ಅಂಗಳದಲ್ಲಿ ಹುಟ್ಟಿದ ಅದೇ ಇನ್‌ಫ್ಲಿಬ್‌ನೆಟ್ ಕೇಂದ್ರ. ಆವರಣದ ಹೊರಗಿನಿಂದಲೂ ಸಂಸ್ಥೆಯ ಗುರುತಿನೊಂದಿಗೆ ಪತ್ರಿಕೆಗಳನ್ನು ಓದಲು ಆ ಕೇಂದ್ರವು 'ಇನ್‌ಫೆಡ್' ಎಂಬ ವ್ಯವಸ್ಥೆಯನ್ನು ಕಲ್ಪಿಸಿದೆ. ತಮ್ಮ ಸಂಸ್ಥೆ ಅದರ ಸದಸ್ಯವೇ ಎಂಬುದನ್ನು ವಿದ್ಯಾರ್ಥಿಗಳು ಗ್ರಂಥಪಾಲಕರಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು.

2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಸಾಂಕ್ರಾಮಿಕದ ನಿಮಿತ್ತ ವಿದ್ಯಾರ್ಥಿನಿಲಯಗಳು ತೆರವುಗೊಂಡು ಪಾಠಗಳು ಜಾಲಕ್ಕೆ ವರ್ಗಾವಣೆಯಾದಾಗ ಇನ್ನೊಂದು ಸತ್ಯ ಗೋಚರವಾಯಿತು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೆಯ ಸುತ್ತಿನ ಪ್ರಕಾರ ದೇಶದ ಶೇ. 24ರಷ್ಟು ಕುಟುಂಬಗಳಿಗೆ ಮಾತ್ರ ಮನೆಯಲ್ಲಿ ಅಂತರಜಾಲ ಲಭ್ಯವಿತ್ತು. ಗ್ರಾಮಾಂತರ ಪ್ರದೇಶಗಳಲ್ಲಿ ಈ ಪ್ರಮಾಣ ಶೇ. 15ರಷ್ಟಿತ್ತು. ಗಣಕಯಂತ್ರವಿದ್ದ ಕುಟುಂಬಗಳು ಶೇ. 11ಕ್ಕಿಂತ ಕಡಿಮೆ. ವಿದ್ಯಾರ್ಥಿನಿಲಯದ ಜಾಲವು ಎಷ್ಟೇ ನಿಧಾನವಾಗಿದ್ದರೂ ಊರಿನಲ್ಲಿ ಅದಕ್ಕೆ ಪರ್ಯಾಯವಿಲ್ಲದ ವಿದ್ಯಾರ್ಥಿಗಳು ಬಹುಸಂಖ್ಯೆಯಲ್ಲಿದ್ದರು. ಈಚಿನ ವರ್ಷಗಳಲ್ಲಿ ಪರಿಸ್ಥಿತಿ ಸುಧಾರಿಸಿದೆ. ಆದರೆ ಮನೆಯಲ್ಲಿ ಇಲ್ಲದ್ದನ್ನು ವಿದ್ಯಾಸಂಸ್ಥೆಯು ಒದಗಿಸಬೇಕೆಂಬ ತತ್ತ್ವ ಬದಲಾಗಿಲ್ಲ.

ವಿಶ್ವವಿದ್ಯಾಲಯದ ವಸತಿ ದೊರೆಯದವರ ಪಾಡು ಬೇರೆ. ಪುಣೆಯ ಸದಾಶಿವ ಪೇಟೆ, ನಾರಾಯಣ ಪೇಟೆಗಳಲ್ಲಿ ಕೊಠಡಿಯಲ್ಲ, ಮಂಚವೊಂದನ್ನಷ್ಟೇ ಬಾಡಿಗೆಗೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರು ತಿಂಗಳ ಶುಲ್ಕ ತೆತ್ತು 'ಅಭ್ಯಾಸಿಕಾ'ಗಳೆಂಬ ಖಾಸಗಿ ವಾಚನಾಲಯಗಳಲ್ಲಿ ಕುಳಿತುಕೊಳ್ಳುತ್ತಾರೆ. ಒಂದು ಮೇಜು, ಒಂದು ದೀಪ, ವೈ-ಫೈ: ಅಲ್ಲಿ ಮಾರಾಟವಾಗುವುದು ಇಷ್ಟೇ. ಇಷ್ಟನ್ನು ಹಣ ಕೊಟ್ಟು ಕೊಳ್ಳುವವರಿದ್ದಾರೆ ಎಂಬುದೇ ಅದರ ಅಗತ್ಯಕ್ಕೆ ಸಾಕ್ಷಿ.

ರಾತ್ರಿಯ ನಿರ್ಬಂಧ

ಜಾಲವಿದ್ದೂ ಅದನ್ನು ಬಳಸುವ ವೇಳೆಯನ್ನು ನಿರ್ಬಂಧಿಸುವುದು ಮತ್ತೊಂದು ಬಗೆಯ ಸಮಸ್ಯೆ. 2007ರಲ್ಲಿ ಮುಂಬಯಿಯ ಐಐಟಿಯು ತನ್ನ ವಿದ್ಯಾರ್ಥಿನಿಲಯಗಳಲ್ಲಿ ರಾತ್ರಿ 11ರಿಂದ ಮರುದಿನ ಮಧ್ಯಾಹ್ನ 12.30ರವರೆಗೆ ಅಂತರಜಾಲವನ್ನು ಸ್ಥಗಿತಗೊಳಿಸಲು ನಿರ್ಧರಿಸಿದ್ದು ಅಂದು ವಿದೇಶಗಳಲ್ಲಿಯೂ ಸುದ್ದಿಯಾಗಿತ್ತು. ವಿದ್ಯಾರ್ಥಿಗಳು ಆಟ, ಚಲನಚಿತ್ರಗಳಲ್ಲಿ ರಾತ್ರಿ ಕಳೆದು ಬೆಳಗಿನ ತರಗತಿಗಳಿಗೆ ಬರುತ್ತಿಲ್ಲ, ಪರಸ್ಪರ ಒಡನಾಟವೂ ಕುಗ್ಗುತ್ತಿದೆ ಎಂಬುದು ಆಡಳಿತದ ಕಳವಳವಾಗಿತ್ತು. ಈ ಕಳವಳದಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಕೆಲವರು ದೀಪದ ಬೆಳಕಿನಲ್ಲಿ ಇಸ್ಪೀಟಾಡುತ್ತಾರೆಂದು ಎಲ್ಲರ ದೀಪ ಆರಿಸಿದರೆ ಓದುವವನೂ ಕತ್ತಲೆಯಲ್ಲಿ ಉಳಿಯುತ್ತಾನೆ. ಹೆಚ್ಚು ಹೊರೆಯ ಬಳಕೆಯನ್ನು ರಾತ್ರಿಯ ಹೊತ್ತು ನಿಧಾನಗೊಳಿಸಿ ಪಾಠ, ಗ್ರಂಥಾಲಯ ಮತ್ತು ಅಂಚೆಗೆ ಆದ್ಯತೆ ನೀಡುವ ಉಪಾಯಗಳು ಇಂದು ಸುಲಭಲಭ್ಯವಿವೆ.

ವಿದ್ಯಾರ್ಥಿನಿಯರ ವಿಷಯದಲ್ಲಿ ನಿರ್ಬಂಧದ ಭಾರವು ಇಮ್ಮಡಿಯಾಗುತ್ತದೆ. ರಾತ್ರಿ ಇಂತಿಷ್ಟು ಹೊತ್ತಿಗೆ ನಿಲಯದ ಬಾಗಿಲು ಮುಚ್ಚುವ ನಿಯಮವಿದ್ದಲ್ಲಿ ಗ್ರಂಥಾಲಯದ ವಾಚನಾಲಯಕ್ಕೆ ಹೋಗುವ ದಾರಿ ಅವರಿಗೆ ಇಲ್ಲ. ಕೊಠಡಿಯಲ್ಲಿ ಜಾಲವೂ ಇಲ್ಲದಿದ್ದರೆ ಅವರ ಓದಿನ ದಿನವು ಸಹಪಾಠಿ ಯುವಕರ ದಿನಕ್ಕಿಂತ ಗಂಟೆಗಟ್ಟಲೆ ಮೊಟಕಾಗುತ್ತದೆ. ಸುರಕ್ಷತೆಯ ಹೆಸರಿನಲ್ಲಿ ವಿದ್ಯಾರ್ಥಿನಿಯರ ನಿಲಯಗಳಿಗೆ ತಾರತಮ್ಯದ ನಿಯಮಗಳನ್ನು ವಿಧಿಸಕೂಡದೆಂದು ಧನಸಹಾಯ ಆಯೋಗವು 2016ರ ಮೇ ತಿಂಗಳಲ್ಲಿ ಪ್ರಕಟಿಸಿದ ಲೈಂಗಿಕ ಕಿರುಕುಳ ತಡೆ ನಿಯಮಗಳಲ್ಲಿ ಸ್ಪಷ್ಟಪಡಿಸಿದೆ. 1848ರಲ್ಲಿ ಜೋತಿರಾವ್ ಫುಲೆ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿಗಳು ಭಿಡೆವಾಡೆಯಲ್ಲಿ ಬಾಲಕಿಯರಿಗಾಗಿ ಶಾಲೆ ತೆರೆದ ನಗರದಲ್ಲಿ, ಅವರ ಹೆಸರನ್ನೇ ಹೊತ್ತ ವಿಶ್ವವಿದ್ಯಾಲಯದ ಊರಿನಲ್ಲಿ, ಈ ಮಾತನ್ನು ಮತ್ತೆ ವಿವರಿಸಬೇಕಾಗಿಲ್ಲ.

ಈ ಬಗ್ಗೆ ನ್ಯಾಯಾಲಯದ ತೀರ್ಪೊಂದಿದೆ. ಕೇರಳದ ಕೋಝಿಕ್ಕೋಡ್ ಜಿಲ್ಲೆಯ ಚೇಳನ್ನೂರಿನ ಕಾಲೇಜೊಂದರ ನಿಲಯದಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ ವಿದ್ಯಾರ್ಥಿನಿಯರು ಮೊಬೈಲ್ ಫೋನ್ ಬಳಸಕೂಡದೆಂಬ ನಿಯಮವಿತ್ತು. ಓದಿಗೆ ಫೋನು ಬೇಕೆಂದು ಇದನ್ನು ಒಪ್ಪದ ಬಿ.ಎ. ವಿದ್ಯಾರ್ಥಿನಿ ಫಹೀಮಾ ಶಿರೀನ್ ಅವರನ್ನು ನಿಲಯದಿಂದ ಹೊರಹಾಕಲಾಯಿತು. ಅವರ ಅರ್ಜಿಯನ್ನು ವಿಚಾರಿಸಿದ ಕೇರಳ ಉಚ್ಚ ನ್ಯಾಯಾಲಯವು 2019ರ ಸೆಪ್ಟೆಂಬರ್ 19ರಂದು, ಅಂತರಜಾಲವನ್ನು ಬಳಸುವ ಹಕ್ಕು ಸಂವಿಧಾನದ 21ನೆಯ ವಿಧಿಯಡಿ ಶಿಕ್ಷಣದ ಹಕ್ಕಿನ ಮತ್ತು ಗೋಪ್ಯತೆಯ ಹಕ್ಕಿನ ಭಾಗವೆಂದು ತೀರ್ಮಾನಿಸಿ, ಅವರನ್ನು ನಿಲಯಕ್ಕೆ ಮರಳಿ ಸೇರಿಸಿಕೊಳ್ಳುವಂತೆ ಆದೇಶಿಸಿತು. ಇತರರಿಗೆ ತೊಂದರೆಯಾಗದಂತೆ ಬಳಸಬೇಕೆಂಬ ಶಿಸ್ತನ್ನು ನ್ಯಾಯಾಲಯವು ಅಲ್ಲಗಳೆಯಲಿಲ್ಲ. ಒಂದು ರಾಜ್ಯದ ಉಚ್ಚ ನ್ಯಾಯಾಲಯದ ತೀರ್ಪು ಇತರ ರಾಜ್ಯಗಳ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲವಾದರೂ ಅವು ಅದನ್ನು ಪರಿಗಣನೆಗೆ ತೆಗೆದುಕೊಳ್ಳಬಹುದು. ಅನುರಾಧಾ ಭಸೀನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2020ರ ಜನವರಿ 10ರಂದು ಅಂತರಜಾಲದ ಮೂಲಕ ನಡೆಯುವ ಅಭಿವ್ಯಕ್ತಿಗೆ ಮತ್ತು ವೃತ್ತಿಗೆ ಸಾಂವಿಧಾನಿಕ ರಕ್ಷಣೆಯಿದೆ ಎಂದಿತು. ಜಾಲ ದೊರೆಯುವುದೇ ಒಂದು ಮೂಲಭೂತ ಹಕ್ಕೇ ಎಂಬ ಪ್ರಶ್ನೆಯ ಬಗ್ಗೆ ಅಭಿಪ್ರಾಯ ನೀಡಲಿಲ್ಲ. ಈ ಎರಡು ತೀರ್ಪುಗಳನ್ನು ಒಂದೇ ಎಂದು ಭಾವಿಸುವುದು ಸರಿಯಲ್ಲ.

ಗುರುತು, ದಾಖಲೆ ಮತ್ತು ಗೋಪ್ಯತೆ

ವಿದ್ಯಾರ್ಥಿನಿಲಯದ ಜಾಲವನ್ನು ಪ್ರವೇಶಿಸಲು ಬಳಕೆಯ ಹೆಸರು ಮತ್ತು ಗುಪ್ತಪದವನ್ನು ಕೇಳುವುದೇಕೆಂದು ಹಲವರು ಬೇಸರಪಡುವುದುಂಟು. ಯಾವ ಸಾಧನವು ಯಾವ ಹೊತ್ತಿನಲ್ಲಿ ಯಾವ ವಿಳಾಸವನ್ನು ಪಡೆದಿತ್ತು ಎಂಬುದು ತಿಳಿಯದಿದ್ದರೆ ವಂಚನೆ, ಬೆದರಿಕೆಗಳ ಮೂಲವನ್ನು ಪತ್ತೆ ಮಾಡುವುದು ಅಸಾಧ್ಯ. ಭಾರತೀಯ ಕಂಪ್ಯೂಟರ್ ತುರ್ತು ಪ್ರತಿಕ್ರಿಯಾ ತಂಡವು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳು ಗಣಕವ್ಯವಸ್ಥೆಗಳ ದಾಖಲೆಗಳನ್ನು 180 ದಿನಗಳವರೆಗೆ ಕಾಯ್ದಿಡುವಂತೆ ವಿಧಿಸಿವೆ. ಆದ್ದರಿಂದ ಸ್ನೇಹಕ್ಕೆ ಕಟ್ಟುಬಿದ್ದು ತಮ್ಮ ಗುಪ್ತಪದವನ್ನು ಮತ್ತೊಬ್ಬರಿಗೆ ನೀಡಿದವರು ಆ ಮತ್ತೊಬ್ಬರ ಕೃತ್ಯಕ್ಕೆ ವಿವರಣೆ ಕೊಡಬೇಕಾದ ಪ್ರಸಂಗ ಒದಗಬಹುದು.

ಹಾಗೆಂದು ಜಾಲದ ನಿರ್ವಾಹಕರು ವಿದ್ಯಾರ್ಥಿಯ ಪತ್ರಗಳನ್ನು ಓದುತ್ತಾರೆಂಬ ಭಯವೂ ಬೇಡ. ಬೀಗದ ಚಿಹ್ನೆಯಿರುವ ಸುರಕ್ಷಿತ ತಾಣಗಳಲ್ಲಿ ಯಾವ ತಾಣಕ್ಕೆ ಹೋದದ್ದು ಎಂಬುದು ಸಾಮಾನ್ಯವಾಗಿ ತಿಳಿಯಬಹುದೇ ಹೊರತು ಅಲ್ಲಿ ಏನನ್ನು ಬರೆಯಲಾಯಿತು, ಓದಲಾಯಿತು ಎಂಬುದು ಕಾಣುವುದಿಲ್ಲ. ಸಂಸ್ಥೆಯೇ ವಿದ್ಯಾರ್ಥಿಯ ಸಾಧನದಲ್ಲಿ ವಿಶೇಷ ಪ್ರಮಾಣಪತ್ರವನ್ನು ಅಳವಡಿಸಲು ಹೇಳಿದರೆ ಮಾತ್ರ ಪರಿಸ್ಥಿತಿ ಬೇರೆಯಾಗಬಹುದು. ಅಂತಹ ಸಂದರ್ಭದಲ್ಲಿ ಉದ್ದೇಶವೇನೆಂದು ಲಿಖಿತವಾಗಿ ಕೇಳುವುದು ವಿವೇಕ.

ಸಂಶೋಧನೆಗಾಗಿ ಒಂದು ವಿಶ್ವವಿದ್ಯಾಲಯದಿಂದ ಮತ್ತೊಂದಕ್ಕೆ ಹೋಗುವವರಿಗೆ 'ಎಡ್ಯುರೋಮ್' ಎಂಬ ಅಂತರರಾಷ್ಟ್ರೀಯ ವ್ಯವಸ್ಥೆಯಿದೆ. ಧಾರವಾಡದ ಗುರುತಿನಿಂದ ಪುಣೆಯಲ್ಲಿ, ಪುಣೆಯ ಗುರುತಿನಿಂದ ಜರ್ಮನಿಯಲ್ಲಿ ವೈ-ಫೈ ಪಡೆಯಲು ಇದು ಅವಕಾಶ ನೀಡುತ್ತದೆ. ಎರಡೂ ಸಂಸ್ಥೆಗಳು ಸದಸ್ಯರಾಗಿರಬೇಕೆಂಬುದಷ್ಟೇ ಷರತ್ತು. ಭಾರತದಲ್ಲಿ ಇದರ ನಿರ್ವಹಣೆಯು ಎರ್ನೆಟ್ ಇಂಡಿಯಾ ಸಂಸ್ಥೆಯದ್ದು.

ದೂರು ನೀಡುವ ಕ್ರಮ

ಕೊಠಡಿಯಲ್ಲಿ ಜಾಲವು ಸರಿಯಾಗಿ ಬಾರದಿದ್ದಲ್ಲಿ 'ನೆಟ್ ಇಲ್ಲ' ಎಂದು ವಾರ್ಡನ್ನರ ಬಳಿ ಗೊಣಗುವುದರಿಂದ ಕೆಲಸವಾಗುವುದು ವಿರಳ. ಕೊಠಡಿಯ ಸಂಖ್ಯೆ, ದಿನಾಂಕ, ಗಂಟೆ ಮತ್ತು ವೇಗದ ಅಳತೆ ಇವಿಷ್ಟನ್ನು ಒಂದು ವಾರ ಬರೆದಿಡಬೇಕು. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 'ಮೈಸ್ಪೀಡ್' ಅನ್ವಯಿಕವನ್ನು ಅಳತೆಗೆ ಬಳಸಬಹುದು. ಒಂದೇ ಅಂತಸ್ತಿನ ಹಲವು ಕೊಠಡಿಗಳವರು ಹೀಗೆ ಬರೆದಿಟ್ಟರೆ ದೋಷವು ಪ್ರಸಾರಕದ್ದೋ, ಕಟ್ಟಡದ ಸ್ವಿಚ್ಚಿನದ್ದೋ, ಒಟ್ಟು ಸಾಮರ್ಥ್ಯದ ಕೊರತೆಯೋ ಎಂಬುದು ಗಣಕಕೇಂದ್ರದ ತಂತ್ರಜ್ಞರಿಗೆ ನೋಡುತ್ತಲೇ ತಿಳಿಯುತ್ತದೆ. ಎಲ್ಲ ಕೊಠಡಿಗಳಲ್ಲಿಯೂ ರಾತ್ರಿ ಮಾತ್ರ ನಿಧಾನವಾದರೆ ಸಾಮರ್ಥ್ಯ ಸಾಲದು. ತುದಿಯ ಕೊಠಡಿಗಳಲ್ಲಿ ಸದಾ ನಿಧಾನವಾದರೆ ಪ್ರಸಾರಕಗಳು ಸಾಲವು.

ಇದಕ್ಕೂ ಪರಿಹಾರ ದೊರೆಯದಿದ್ದರೆ ಧನಸಹಾಯ ಆಯೋಗವು 2023ರ ಏಪ್ರಿಲಿನಲ್ಲಿ ಪ್ರಕಟಿಸಿದ ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣಾ ನಿಯಮಗಳ ಮೊರೆಹೋಗಬಹುದು. ಸಂಸ್ಥೆಯು ಒದಗಿಸುವುದಾಗಿ ವಚನ ನೀಡಿದ ಅಥವಾ ಒದಗಿಸಲೇಬೇಕಾದ ಸೌಲಭ್ಯಗಳನ್ನು ಒದಗಿಸದಿರುವುದು ಈ ನಿಯಮಗಳ ಪ್ರಕಾರ ಒಂದು ಕುಂದುಕೊರತೆಯೇ. ಪ್ರವೇಶದ ಕೈಪಿಡಿಯಲ್ಲಿ 'ವೈ-ಫೈ ಸೌಲಭ್ಯವುಳ್ಳ ವಿದ್ಯಾರ್ಥಿನಿಲಯ' ಎಂದು ಅಚ್ಚಾಗಿದ್ದರೆ ಆ ಪುಟವನ್ನು ಜೋಪಾನವಾಗಿ ಇರಿಸಿಕೊಳ್ಳಬೇಕು. ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಯು ದೂರು ತಲುಪಿದ 15 ಕೆಲಸದ ದಿನಗಳೊಳಗೆ ವರದಿ ನೀಡಬೇಕು. ಅದರಿಂದ ಸಮಾಧಾನವಾಗದವರು 15 ದಿನಗಳೊಳಗೆ ಸಂಸ್ಥೆಯ ಲೋಕಪಾಲರಿಗೆ ಮೇಲ್ಮನವಿ ಸಲ್ಲಿಸಬಹುದು. ಲೋಕಪಾಲರು 30 ದಿನಗಳಲ್ಲಿ ಇತ್ಯರ್ಥಪಡಿಸಲು ಪ್ರಯತ್ನಿಸತಕ್ಕದ್ದು.

ಸರ್ಕಾರಿ ಸಂಸ್ಥೆಯಾದಲ್ಲಿ 2005ರ ಮಾಹಿತಿ ಹಕ್ಕು ಅಧಿನಿಯಮದಡಿಯಲ್ಲಿಯೂ ವಿವರಗಳನ್ನು ಕೋರಬಹುದು: ನಿಲಯದಲ್ಲಿ ವಾಸಿಸುವವರ ಸಂಖ್ಯೆ, ಕಟ್ಟಡಕ್ಕೆ ಹಂಚಲಾದ ಸಾಮರ್ಥ್ಯ, ಪ್ರಸಾರಕಗಳ ಸಂಖ್ಯೆ, ನಿರ್ವಹಣೆಯ ಗುತ್ತಿಗೆ ಯಾರದ್ದು ಮತ್ತು ಅದರ ಅವಧಿ ಯಾವಾಗ ಮುಗಿಯುತ್ತದೆ ಎಂಬಿತ್ಯಾದಿ. ಉತ್ತರಕ್ಕೆ 30 ದಿನಗಳ ಕಾಲಾವಕಾಶವಿರುತ್ತದೆ. ಕೇಂದ್ರ ಸರ್ಕಾರದ ಸಂಸ್ಥೆಗಳಲ್ಲಿ ಅರ್ಜಿಯ ಶುಲ್ಕ 10 ರೂಪಾಯಿ. ರಾಜ್ಯ ಸರ್ಕಾರಗಳ ವಿಶ್ವವಿದ್ಯಾಲಯಗಳಿಗೆ ಆಯಾ ರಾಜ್ಯದ ನಿಯಮಗಳು ಅನ್ವಯಿಸುತ್ತವೆ.